ಓನರಮ್ಮನ ಕಿವಿ

ನಮ್ಮ ಓನರಮ್ಮನ ತಲೆಯಲ್ಲಿ ಬೈತಲೆಗೆ ಅಡ್ಡವಾಗಿ ಇನ್ನೊಂದು ಗೆರೆ ಇತ್ತು. ಒಂದು ಕಿವಿಯಿಂದ ಹೊರಟು ನೆತ್ತಿ ಹಾದು ಇನ್ನೊಂದು ಕಿವಿಯವರೆಗೆ. ಹೆಡ್‌ಫೋನಿನ ಪಟ್ಟಿ ವರ್ಷಗಟ್ಟಲೆ ಕೂತು ಕೂತು ಅಲ್ಲಿ ಕೂದಲು ಸವೆದುಹೋಗಿತ್ತು. ಎಣ್ಣೆ ಹಚ್ಚಿ ಎಷ್ಟು ಬಿಗಿಯಾಗಿ ಬಾಚಿದರೂ ಆ ಗೆರೆ ಮುಚ್ಚುತ್ತಿರಲಿಲ್ಲ. ಮುಚ್ಚಬೇಕು ಅಂತ ಅವರಿಗೂ ಇರಲಿಲ್ಲ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಅವರ ಮುಂದೆ ಹಾರ ಹಿಡಿದು ನಿಂತು ಕೆಲವರು ಆಡಿದ ಮಾತು ನನಗೆ ಇನ್ನೂ ಉರಿಯುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದವನಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೆಷಿನ್ನಿಗೆ ನಿಂತವನು. ಅಂದವಾಗಿ ಬರೆಯಲು ಬರುವುದಿಲ್ಲ. ಬೇಕಾಗಿಯೂ ಇಲ್ಲ.

ಅವರ ಮನೆಯ ಹಿತ್ತಲಿನ ಒಂದು ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಅವರ ಯಜಮಾನರು ತಂತಿ ಆಫೀಸಿನಲ್ಲಿದ್ದವರು. ಮದುವೆಯಾದ ಹೊಸದರಲ್ಲಿ ಊಟದ ತಟ್ಟೆಯ ಮೇಲೆ ಬೆರಳಲ್ಲಿ ಬಡಿದು ಬಡಿದು ಹೆಂಡತಿಗೆ ಮೋರ್ಸ್ ಕಲಿಸಿದರಂತೆ. ಗಿಡ್ಡ ಸದ್ದು, ಉದ್ದ ಸದ್ದು, ಅವುಗಳಲ್ಲೇ ಎಲ್ಲಾ ಅಕ್ಷರ. ಅವರು ಹೋದ ಮೇಲೆ ಈಕೆ ಸರ್ಕಾರದ ಪರೀಕ್ಷೆಗೆ ಕೂತು ಹ್ಯಾಮ್ ಲೈಸೆನ್ಸ್ ತೆಗೆದುಕೊಂಡರು. ಹ್ಯಾಮ್ ಅಂದರೆ ಮನೆಯಲ್ಲೇ ರೇಡಿಯೋ ಯಂತ್ರ ಇಟ್ಟುಕೊಂಡು ದೂರದ ಊರು, ದೂರದ ದೇಶದ ತಮ್ಮಂಥವರ ಜೊತೆ ಮಾತಾಡುವವರು. ಸಂಪಾದನೆಗಲ್ಲ, ಹುಚ್ಚಿಗೆ. ತಾರಸಿ ಮೇಲಿನ ಸಣ್ಣ ರೂಮೇ ಅವರ ಸ್ಟೇಷನ್. ಓಲೆ ಬಿಚ್ಚಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು, ಹೆಡ್‌ಫೋನ್ ಏರಿಸಿ ಕೂತರೆ, ಕೆಳಗೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ.

ಪಕ್ಕದ ಮನೆಯಾಕೆಗೆ ಇದೇ ಉರಿ. ಕಾಂಪೌಂಡಿನ ಮೇಲಿಂದ ಕೂಗುತ್ತಿದ್ದರು.

“ರೀ, ನಿಮ್ಮ ಟಿಕಿಟಿಕಿ ನಮ್ಮ ರೇಡಿಯೋದಲ್ಲಿ ಬರ್ತಿದೆ ಕಣ್ರೀ! ಒಂದು ಚಿತ್ರಗೀತೆ ಕೇಳೋ ಹಾಗಿಲ್ಲ!”

“ಹಾಡಿನ ಜೊತೆ ಸರಿಯಾಗಿ ಬರ್ತಿದೆಯೇನ್ರೀ?”

“ಏನು?”

“ತಾಳ ಕಣ್ರೀ! ತಪ್ಪಿದ್ರೆ ಹೇಳಿ, ಸರಿ ಮಾಡ್ಕೋತೀನಿ!”

ಹೀಗೆ ಅಂದವರು ಸಂಜೆ ತಾವೇ ಹೋಗಿ ಆಕೆಯ ರೇಡಿಯೋ ಬಿಚ್ಚಿ, ಒಂದು ತಂತಿ ಸುರುಳಿ ಕೂರಿಸಿ, ಟಿಕಿಟಿಕಿ ನಿಲ್ಲಿಸಿ, ಕಾಫಿ ಕುಡಿದು ಬಂದರು.

ನಮ್ಮ ಕಡೆಯ ಹ್ಯಾಮ್‌ಗಳದ್ದು ಒಂದು ಕೂಟ ಇತ್ತು. ಅದಕ್ಕೆ ಒಬ್ಬ ಸೆಕ್ರೆಟರಿ. ದೊಡ್ಡ ಫ್ಯಾಕ್ಟರಿಯಲ್ಲಿ ಇಂಜಿನಿಯರು, ವಿಜಯನಗರದಲ್ಲಿ ಮನೆ, ಮಾತಾಡುವಾಗ ಸ್ಕೂಟರಿನ ಕೀ ತಿರುಗಿಸುತ್ತಲೇ ಇರುವವನು. ಕೂಟ ಸೇರುತ್ತಿದ್ದದ್ದು ಓನರಮ್ಮನ ತಾರಸಿಯಲ್ಲಿ. ಕಾಫಿ ಅವರದ್ದು, ಉಪ್ಪಿಟ್ಟು ಅವರದ್ದು. ಭಾನುವಾರ ಬೆಳಿಗ್ಗೆ ಹೊಸಬರಿಗೆ ಮೋರ್ಸ್ ಕ್ಲಾಸೂ ಅವರದ್ದೇ. ನಾನು ಆಂಟೆನಾ ಕಂಬ ನೆಡಲು ತಾರಸಿ ಹತ್ತಿದವನು ಕ್ಲಾಸಿಗೇ ಕೂತುಬಿಟ್ಟೆ.

ಕ್ಲಾಸಿನಲ್ಲಿ ಅವರದ್ದು ಒಂದೇ ನಿಯಮ. ಕೇಳಿಸಿದ್ದು ಬರಿ. ಕೇಳಿಸದೆ ಇದ್ದರೆ ಖಾಲಿ ಬಿಡು. ಊಹೆ ಮಾಡಿ ತುಂಬಬೇಡ.

ಒಂದು ದಿನ ಅವರು ಮೋರ್ಸ್ ಸದ್ದು ಮಾಡುವ ಕೀ ಬಡಿದು ತಂತಿ ಸಂದೇಶ ಕಳಿಸತೊಡಗಿದರು. ‘ಫಾದರ್’ ಆಗಿ ಮುಂದಿನ ಎಸ್, ಇ ಅನ್ನುವಷ್ಟರಲ್ಲೇ ಕಾಲೇಜು ಹುಡುಗರೆಲ್ಲಾ ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟರು. ಎಲ್ಲರ ಮನೆಗೂ ಬರುವ ತಂತಿ ಅದೇ ತಾನೆ. ಓನರಮ್ಮ ನಿಲ್ಲಿಸಲಿಲ್ಲ, ಬಡಿಯುತ್ತಲೇ ಇದ್ದರು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡೆ. ಕೊನೆಗೆ ನನ್ನ ಕಾಗದ ಎತ್ತಿ ಓದಿದರು. ‘ಫಾದರ್ ಸೆಲ್ಲಿಂಗ್ ಬಫೆಲೋ.’

“ನೋಡ್ರೋ! ಅಲ್ಲಿ ನಿಮ್ಮಪ್ಪ ಆರಾಮಾಗಿ ಎಮ್ಮೆ ಮಾರ್ತಾ ಇದಾನೆ. ನೀವು ಆಗ್ಲೇ ತಿಥಿಗೆ ಹೊರಟುಬಿಟ್ರಲ್ಲೋ! ಇವನೊಬ್ಬನೇ ಸರಿಯಾಗಿ ಬರ್ದಿರೋದು. ಯಾಕೆ ಹೇಳಿ? ಇವನಿಗೆ ಇಂಗ್ಲಿಷ್ ಬರಲ್ಲ, ಅದಕ್ಕೆ!”

ನಾನು ಹೊಗಳಿಸಿಕೊಂಡೆನೋ ಬೈಸಿಕೊಂಡೆನೋ ಗೊತ್ತಾಗಲಿಲ್ಲ. ಎಲ್ಲರೂ ನಕ್ಕರು.

ಆಮೇಲೆ ಆ ರಾಕೆಟ್ಟಿನ ವಿಷಯ ಬಂತು. ದಕ್ಷಿಣದ ಕಡಲ ತೀರದಿಂದ ಒಂದು ರಾಕೆಟ್ ಬಿಡುತ್ತಾರೆ, ಅದು ಬಹಳ ಮೇಲೆ ಹೋಗಿ ಅಲ್ಲಿ ಒಂದು ಥರದ ಆವಿ ಬಿಡುತ್ತದೆ, ಅದರಿಂದ ರೇಡಿಯೋ ಸದ್ದಿಗೆ ಏನಾದರೂ ಆಗುತ್ತದಾ ಅಂತ ಹ್ಯಾಮ್‌ಗಳು ಕೇಳಿ ತಿಳಿಸಬೇಕು ಅಂತ ವಿಜ್ಞಾನಿಗಳ ಕಡೆಯಿಂದ ಕೂಟಕ್ಕೆ ಕೇಳಿಕೆ ಬಂದಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಓನರಮ್ಮನನ್ನೇ ಕೇಳಿದೆ.

“ಗೋಡೆಗೆ ಚೆಂಡು ಹೊಡೆದ್ರೆ ವಾಪಸ್ ಬರತ್ತಲ್ವಾ? ಹಾಗೇ ಕಣೋ. ಮೇಲೆ ಒಂದು ಪದರ ಇದೆ, ಕಣ್ಣಿಗೆ ಕಾಣಲ್ಲ. ನಮ್ಮ ಸದ್ದು ಅದಕ್ಕೆ ಬಡಿದು ದೂರದ ಊರಲ್ಲಿ ಇಳಿಯತ್ತೆ. ಈ ಆವಿ ಆ ಗೋಡೆಗೆ ತೂತು ಮಾಡಿದ್ರೆ ಚೆಂಡು ಆಚೆ ಹೋಗಿಬಿಡಬಹುದು. ಹೋಗದೇನೂ ಇರಬಹುದು. ಅದನ್ನೇ ಕೇಳಿ ಅಂತಿರೋದು.”

ಅವರಿಗೆ ಹಬ್ಬ. ಒಂದು ವಾರ ಮೊದಲೇ ಸೆಟ್ಟು ಒರೆಸಿ, ವಾಲ್ವ್ ಬದಲಿಸಿ, ನನ್ನನ್ನು ಕಂಬ ಹತ್ತಿಸಿ ತಂತಿ ಬಿಗಿ ಮಾಡಿಸಿದರು. ಕೇಳಬೇಕಾಗಿದ್ದು ಹೊರದೇಶದ ಒಂದು ಸ್ಟೇಷನ್. ಅದು ಗಡಿಯಾರದ ಹಾಗೆ ಟಿಕ್ ಟಿಕ್ ಅಂತ ಸದ್ದು ಕಳಿಸುತ್ತಲೇ ಇರುತ್ತದೆ. ಹೇಳಿದ ದಿನ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ, ಉಳಿದವರು ಅವರವರ ಮನೆಯಲ್ಲಿ ಕೂತರು. ನಾವಿಬ್ಬರು ತಾರಸಿ ರೂಮಿನಲ್ಲಿ. ಹೆಡ್‌ಫೋನಿನ ಒಂದು ಬಿಲ್ಲೆ ತಿರುಗಿಸಿ ನನಗೆ ಕೊಟ್ಟರು. ಟಿಕ್ ಟಿಕ್ ಬರುತ್ತಲೇ ಇತ್ತು. ಹೇಳಿದ ಹೊತ್ತು ಬಂತು, ಹೋಯಿತು. ಒಂದು ಚೂರೂ ಕುಗ್ಗಲಿಲ್ಲ. ಓನರಮ್ಮ ಕಾಗದದಲ್ಲಿ ‘ಬದಲಾವಣೆ ಇಲ್ಲ’ ಅಂತ ಬರೆದು ಸಹಿ ಹಾಕಿದರು.

ಭಾನುವಾರ ಕೂಟ ಸೇರಿತು. ಸೆಕ್ರೆಟರಿ ಎದ್ದು ನಿಂತು, ತನ್ನ ಸೆಟ್ಟಿನಲ್ಲಿ ಸದ್ದು ಪೂರ್ತಿ ಮುಳುಗಿಹೋಯಿತು ಅಂದ. ಇನ್ನೊಬ್ಬ ಅರ್ಧ ಕುಗ್ಗಿತು ಅಂದ. ಮತ್ತೊಬ್ಬನಿಗೆ ನೀರಿನೊಳಗಿಂದ ಬಂದ ಹಾಗೆ ಕೇಳಿಸಿತಂತೆ. ಎಲ್ಲರ ಮುಖವೂ ಅರಳಿತ್ತು.

“ನನಗೇನೂ ವ್ಯತ್ಯಾಸ ಆಗ್ಲಿಲ್ಲ,” ಅಂದರು ಓನರಮ್ಮ.

ಸೆಕ್ರೆಟರಿ ಕೀ ತಿರುಗಿಸುವುದು ನಿಲ್ಲಿಸಿದ. “ಏನೂ ಇಲ್ವಾಮ್ಮಾ? ಸರಿಯಾಗಿ ಕೇಳಿದ್ರಾ?”

“ಕೇಳ್ದೆ. ಆದ್ರಿಂದ ತಾನೆ ಹೇಳ್ತಿರೋದು.”

“ನಮ್ಮ ಕೂಟದ ಹೆಸರು ದೊಡ್ಡ ರಿಪೋರ್ಟಿನಲ್ಲಿ ಬರೋ ಹಾಗಿದೆ. ಒಬ್ಬರದ್ದು ಒಂದು ಥರ ಇದ್ರೆ ನಗೆಪಾಟಲಾಗತ್ತೆ. ಸ್ವಲ್ಪ ಕುಗ್ಗಿತು ಅಂತ ಬರೀರಿ, ಸಾಕು.”

“ಕುಗ್ಗಲಿಲ್ವಲ್ಲಪ್ಪಾ.”

“ನಾನೂ ಕೇಳಿದೀನಿ ಸಾರ್,” ಅಂದೆ ನಾನು. “ಕುಗ್ಗಲಿಲ್ಲ.”

“ಏಯ್, ಲೈಸೆನ್ಸ್ ಇಲ್ದೋನು ನೀನು, ಸುಮ್ನೆ ಕೂತ್ಕೋ.” ಆಮೇಲೆ ಓನರಮ್ಮನ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದ. “ಅಮ್ಮಾ, ತಪ್ಪು ತಿಳ್ಕೋಬೇಡಿ. ವಯಸ್ಸಾಯ್ತು. ಕಿವಿ ಮೊದಲಿನ ಹಾಗೆ ಇರಲ್ಲ. ಕ್ಲಾಸ್ ಕೂಡಾ ನಿಮಗೆ ಶ್ರಮ. ಮುಂದಿನ ವಾರದಿಂದ ನಮ್ಮನೇಲಿ ಇಟ್ಕೋತೀವಿ ಬಿಡಿ.”

ಯಾರೂ ಉಸಿರೆತ್ತಲಿಲ್ಲ. ಆವತ್ತು ತಿಥಿಗೆ ಹೊರಟಿದ್ದ ಹುಡುಗರೂ ಅಲ್ಲೇ ಇದ್ದರು. ಅವರ ಉಪ್ಪಿಟ್ಟು ತಿಂದ ಕೈ ಇನ್ನೂ ತೊಳೆದಿರಲಿಲ್ಲ.

ಮುಂದಿನ ಭಾನುವಾರ ತಾರಸಿಗೆ ನಾನೊಬ್ಬನೇ ಹೋದೆ. ರೂಮಿಗೆ ಬೀಗ. ಓನರಮ್ಮ ಹಿತ್ತಲಲ್ಲಿ ಅಲಾರಂ ಗಡಿಯಾರವನ್ನು ಕಿವಿಗಿಟ್ಟುಕೊಂಡು ನಿಂತಿದ್ದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

“ಬಾರೋ ಇಲ್ಲಿ. ಇದನ್ನ ಹಿಡ್ಕೊಂಡು ಸೀಬೆ ಮರದ ಕಡೆ ನಡಿ. ಸದ್ದು ನಿಂತಾಗ ಕೈ ಎತ್ತುತೀನಿ.”

ನಡೆದೆ. ಕಣ್ಣು ಮುಚ್ಚಿ ನಿಂತಿದ್ದರು. ನಾನು ಮರ ದಾಟಿದ ಮೇಲೆ ಕೈ ಎತ್ತಿದರು. ಆಮೇಲೆ ಗಡಿಯಾರ ಅವರು ಹಿಡಿದರು, ನಾನು ಕೇಳಿದೆ. ಮರಕ್ಕೆ ಇನ್ನೂ ಅರ್ಧ ದಾರಿ ಇರುವಾಗಲೇ ನನಗೆ ಸದ್ದು ನಿಂತಿತು.

“ನೋಡಿ ಅಮ್ಮಾ, ನಿಮ್ಮ ಕಿವಿ ನನಗಿಂತ ಚೆನ್ನಾಗಿದೆ.”

“ನಿಂದು ಲೇತ್ ಕಿವಿ ಕಣೋ. ನಿನಗಿಂತ ನಮ್ಮನೆ ಒರಳುಕಲ್ಲಿಗೆ ಚೆನ್ನಾಗಿ ಕೇಳ್ಸತ್ತೆ.” ನಗಿಸಿದರು, ಆದರೆ ಅವರು ನಗಲಿಲ್ಲ. ಕಿವಿ ಡಾಕ್ಟರ ಹತ್ತಿರ ಹೋಗಿ ಬಂದರು. ಡಾಕ್ಟರು ಏನೂ ತೊಂದರೆ ಇಲ್ಲ ಅಂದರಂತೆ. ಅದನ್ನೂ ನಂಬಲಿಲ್ಲ. “ಮುದುಕಿ ಬೇಜಾರು ಮಾಡ್ಕೋಬಾರ್ದು ಅಂತ ಹಾಗಂದಿರ್ತಾರೆ.” ತಾರಸಿ ಬೀಗ ತೆಗೆಯಲೇ ಇಲ್ಲ. ಓಲೆ ಕಿವಿಯಲ್ಲೇ ಉಳಿಯಿತು. ತಲೆಯ ಮೇಲಿನ ಗೆರೆಯಲ್ಲಿ ಸಣ್ಣ ಸಣ್ಣ ಬಿಳಿ ಕೂದಲು ಎದ್ದವು. ನನಗೆ ನೋಡಲು ಆಗುತ್ತಿರಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಮಾರೇನಹಳ್ಳಿಯ ಟೀ ಅಂಗಡಿಯಲ್ಲಿ ಕ್ಲಾಸಿನ ಹಳೇ ಹುಡುಗನೊಬ್ಬ ಸಿಕ್ಕ. ಟೀ ಊದುತ್ತಾ ಹೇಳಿದ.

“ಗುರು, ವಿಷಯ ಗೊತ್ತಾ? ಆವತ್ತು ರಾಕೆಟ್ಟೇ ಹಾರಿಲ್ಲ ಮಗಾ.”

“ಏನಂದೆ?”

“ಗಾಳಿ ಸರಿ ಇರ್ಲಿಲ್ವಂತೆ, ಮುಂದಕ್ಕೆ ಹಾಕಿದ್ರಂತೆ. ಅದೇ ವಾರ ಸೆಕ್ರೆಟರಿಗೆ ಕಾಗದ ಬಂತು. ಅವ್ರೇ ಎಲ್ಲರ ರಿಪೋರ್ಟೂ ಹರಿದು ಹಾಕಿದ್ರು. ಅಮ್ಮನಿಗೆ ಹೇಳ್ಬೇಡಿ, ಸುಮ್ನೆ ಗಲಾಟೆ ಅಂದ್ರು.”

ಟೀ ಅಲ್ಲೇ ಬಿಟ್ಟು ಸೆಕ್ರೆಟರಿ ಮನೆಗೆ ಹೋದೆ. ಗೇಟಲ್ಲೇ ನಿಂತು ಕೇಳಿದೆ. ಅವನಿಗೆ ನಾಚಿಕೆಯೂ ಆಗಲಿಲ್ಲ.

“ಸೈನ್ಸ್ ಅಂದ್ಮೇಲೆ ಇದೆಲ್ಲಾ ಇರತ್ತಪ್ಪಾ. ಸಂಜೆ ಹೊತ್ತು ಸಿಗ್ನಲ್ ಹೇಗೂ ಏರುಪೇರಾಗತ್ತೆ. ನಾವೇನು ಸುಳ್ಳು ಹೇಳಿದ್ವಾ?”

“ನೀವು ಹೇಳಿದ್ದು ಸುಳ್ಳೋ ನಿಜವೋ ನನಗೆ ಬೇಡ ಸಾರ್. ಆಯಮ್ಮ ಅಲ್ಲಿ ಗಡಿಯಾರ ಹಿಡ್ಕೊಂಡು ಕಿವಿ ಪರೀಕ್ಷೆ ಮಾಡ್ಕೋತಾ ಇದಾರೆ. ಬಂದು ಒಂದು ಮಾತು ಹೇಳಿ.”

“ಆಯ್ತು, ಭಾನುವಾರ ಬರ್ತೀನಿ.”

ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನೇ ಹೇಳಿದೆ.

ಓನರಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು.

“ಹಾರಲೇ ಇಲ್ವಾ?”

“ಇಲ್ಲ ಅಮ್ಮಾ.”

ಹಿಡಿದಿದ್ದ ಕಾಯಿ ಮೊರಕ್ಕೆ ಹಾಕಿದರು. ಆಮೇಲೆ ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೂ ನಕ್ಕರು. “ಎಲ್ಲರೂ ತಿಥಿಗೆ ಹೊರಟುಬಿಟ್ರಲ್ಲೋ! ಅಲ್ಲಿ ಎಮ್ಮೆ ಕೊಟ್ಟಿಗೆಯಿಂದಾನೇ ಎದ್ದಿಲ್ಲ!” ಸೆರಗಲ್ಲಿ ಕಣ್ಣು ಒರೆಸಿಕೊಂಡರು. ಒರೆಸುತ್ತಾ ಒರೆಸುತ್ತಾ ನಗು ನಿಂತುಹೋಯಿತು.

“ಅವರು ಬಿಡೋ, ಆಸೆಗೆ ಕೇಳಿಸ್ಕೊಂಡ್ರು. ನಾನು ನೋಡು. ನನ್ನ ಕಿವಿನ ನಾನೇ ನಂಬಲಿಲ್ಲ.”

ನನ್ನ ಸಿಟ್ಟೆಲ್ಲಾ ಈ ಒಂದು ಮಾತಿಗೆ. ಕೂಟದವರು ಕ್ಲಾಸ್ ಕಿತ್ತುಕೊಂಡರು, ಸರಿ, ಕ್ಲಾಸ್ ಹೋದರೆ ಹೋಗಲಿ. ಇಷ್ಟು ವರ್ಷ ಕೇಳಿ ಕೇಳಿ ಗಳಿಸಿದ ನಂಬಿಕೆಯನ್ನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕಿತ್ತುಕೊಂಡರು. ವಾಪಸ್ ಕೊಡಲು ವಿಜಯನಗರದಿಂದ ಒಬ್ಬನೂ ಸ್ಕೂಟರ್ ಒದ್ದು ಬರಲಿಲ್ಲ.

ತಾರಸಿ ಬೀಗ ತೆಗೆದರು. ನನಗೊಬ್ಬನಿಗೇ ಕ್ಲಾಸ್. ಆದರೆ ಒಂದು ಹೊಸ ಚಾಳಿ ಅಂಟಿಕೊಂಡಿತ್ತು. ಕೀ ಬಡಿದು ಮುಗಿಸಿದ ಮೇಲೆ “ಸರಿಯಾಗಿ ಬಂತಾ?” ಅಂತ ಕೇಳೋರು. ಬಂತು ಅಂದರೂ ಮತ್ತೊಂದು ಸಲ ಕೇಳೋರು. ಮೊದಲು ಹಾಗೆ ಯಾವತ್ತೂ ಕೇಳಿದವರಲ್ಲ.

ಕೊನೆಗೊಂದು ಸಂಜೆ ರಾಕೆಟ್ ನಿಜವಾಗಿ ಹಾರಿತು. ಸುದ್ದಿ ತಂದವನು ಟೀ ಅಂಗಡಿಯ ಆ ಹುಡುಗನೇ. ಇಬ್ಬರೂ ಒಂದೊಂದು ಬಿಲ್ಲೆ ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಸಣ್ಣಗಾಯಿತು. ನಾನು ಕುಣಿದೆ. “ತೂತು ಬಿತ್ತು ಅಮ್ಮಾ! ರಾಕೆಟ್ಟಿಂದ ಕುಗ್ಗಿತು ಅಂತ ಬರೀರಿ!”

“ಕುಗ್ಗಿತು ಅಂತ ಬರೀತೀನಿ. ರಾಕೆಟ್ಟಿಂದ ಅಂತ ನನಗೆ ಯಾರು ಹೇಳಿದ್ರು? ಮೋಡ ಇಲ್ಲ, ಮಳೆ ಇಲ್ಲ, ಕೆಲವು ಸಂಜೆ ಸುಮ್ಮಸುಮ್ಮನೇ ಕುಗ್ಗತ್ತೆ.” ಅಷ್ಟೇ ಬರೆದು, ಕೂಟದ ಹೆಸರು ಹಾಕದೆ, ತಾವೇ ಅಂಚೆಗೆ ಹಾಕಿದರು.

ಕಾರ್ತಿಕದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಹೋದರು. ಕೂಟದವರು ಹಾರ ತಂದರು. ಹ್ಯಾಮ್ ಸತ್ತರೆ ‘ಕೀ ಮೌನವಾಯಿತು’ ಅನ್ನುವುದು ಅವರ ರೂಢಿ. ಸೆಕ್ರೆಟರಿ ಅದನ್ನು ಹೇಳಿ, ಗಂಟಲು ಸರಿ ಮಾಡಿಕೊಂಡು ಅಂದ. “ಅವರಂಥ ಸೂಕ್ಷ್ಮ ಕಿವಿ ನಮ್ಮ ಕೂಟದಲ್ಲಿ ಇನ್ಯಾರಿಗೂ ಇರ್ಲಿಲ್ಲ.”

“ಹಾಗಾದ್ರೆ ಆವತ್ತಿನ ರಾಕೆಟ್ ವಿಷಯಾನೂ ಹೇಳಿ ಸಾರ್,” ಅಂದೆ.

ಯಾರೋ ನನ್ನ ತೋಳು ಹಿಡಿದರು. “ಸಾವಿನ ಮನೆ ಕಣಯ್ಯಾ, ಸುಮ್ನಿರು.” ಸೆಕ್ರೆಟರಿ ಹಾರ ಹಾಕಿ ಪಕ್ಕಕ್ಕೆ ಸರಿದ. ನಾನು ಸುಮ್ಮನಾಗಲಿಲ್ಲ, ಎಳೆದುಕೊಂಡು ಹೋಗಿ ಗೇಟಿನ ಹೊರಗೆ ಬಿಟ್ಟರು. ಅವರು ಹೇಳಲಿಲ್ಲ. ಈಗ ನಾನು ಹೇಳಿದ್ದೇನೆ.

ಹೋದ ವಾರ ನಾನು ಲೈಸೆನ್ಸ್ ಪರೀಕ್ಷೆಗೆ ಕೂತೆ. ಸಾಹೇಬರು ಮೋರ್ಸ್ ಕಳಿಸುವಾಗ ಹೊರಗೆ ಲಾರಿಯೊಂದು ಹಾರನ್ ಬಾರಿಸಿತು, ಒಂದು ಅಕ್ಷರ ಮುಚ್ಚಿಹೋಯಿತು. ಈಗ ನನಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ. ಆ ಅಕ್ಷರ ಯಾವುದು ಅಂತ ಚೆನ್ನಾಗಿ ಗೊತ್ತಿತ್ತು. ಆ ಜಾಗ ಖಾಲಿ ಬಿಟ್ಟೆ.

ಸಾಹೇಬರು ಕಾಗದ ನೋಡಿ ಕನ್ನಡಕ ಕೆಳಗಿಳಿಸಿದರು. “ಇದೊಂದು ಯಾಕಯ್ಯಾ ಬಿಟ್ಟಿದೀಯ? ಯಾರಿಗಾದ್ರೂ ಗೊತ್ತಾಗತ್ತಲ್ಲ ಇದು?”

“ಗೊತ್ತಿತ್ತು ಸಾರ್,” ಅಂದೆ. “ಕೇಳಿಸ್ಲಿಲ್ಲ.”