ಚಿತ್ರವೋ, ಮಾವನವರೋ?

ಗೋಡೆಗೆ ಬಣ್ಣ ಹೊಡೆಸೋಣವೆಂದು ಹಜಾರದ ಚಿತ್ರಗಳನ್ನೆಲ್ಲ ಇಳಿಸುತ್ತಿದ್ದಾಗ ಒಂದು ಕೈಜಾರಿ ಬಿತ್ತು. ಒಡೆದ ಗಾಜನ್ನು ಆಯುವುದು ಬಿಟ್ಟು, ಕಟ್ಟಿನ ಹಿಂದಿನಿಂದ ಉದುರಿದ ಒಣ ಸೇವಂತಿಗೆ ಎಸಳುಗಳನ್ನು ಆಯುತ್ತ ಕುಳಿತೆ. ಯಾವ ವರ್ಷದವೋ ಏನೋ, ಮೂಗಿಗೆ ಹಿಡಿದರೆ ಇನ್ನೂ ಸಣ್ಣಗೆ ಘಮ ಇತ್ತು.

ಸದ್ದಿಗೆ ಅಡುಗೆಮನೆಯಿಂದ ಓಡಿ ಬಂದ ಹೆಂಡತಿ, “ಅಯ್ಯೋ, ಮಾವನೋರು ಬಿದ್ರಾ?” ಅಂದಳು.

ಗಾಬರಿಯಾಗಬೇಡಿ. ಬಿದ್ದದ್ದು ಒಬ್ಬ ಮುದುಕನ ಚಿತ್ರ. ಅವನು ಅವಳಿಗೆ ಮಾವನಾದ ಕಥೆ ಹೇಳಬೇಕಾದರೆ ನನ್ನ ಹುಚ್ಚಿನಿಂದಲೇ ಶುರು ಮಾಡಬೇಕು.

ನನಗೆ ಚಿತ್ರ ಕೂಡಿಡುವ ಹುಚ್ಚು. ಹೊಳಲ್ಕೆರೆಯಲ್ಲಿ ಓದುವಾಗ ಗೋಡೆಗೆ ಹಚ್ಚಿದ ಸಿನಿಮಾ ಪೋಸ್ಟರುಗಳನ್ನು ಮೈದಾ ಅಂಟು ಆರುವ ಮೊದಲೇ ಬಿಡಿಸಿಕೊಂಡು ಬರುತ್ತಿದ್ದೆ. ಎಷ್ಟು ಜೋಪಾನ ಮಾಡಿದರೂ ನಾಯಕನ ಮೂಗು ಗೋಡೆಯಲ್ಲೇ ಉಳಿದುಬಿಡುತ್ತಿತ್ತು. ಬೀಜದಂಗಡಿಯವರನ್ನು ಕಾಡಿ ಬೇಡಿ ತಂದ, ಕುಂಬಳಕಾಯಿ ಗಾತ್ರದ ಟೊಮೆಟೊ ಪೋಸ್ಟರು ಈಗಲೂ ನನ್ನ ಬಳಿ ಇದೆ. “ಇದ್ರ ಸಾರು ಕಾಯ್ಸಾಕೆ ಹಂಡೇನೇ ಬೇಕು” ಎಂದು ಅವ್ವ ನಗುತ್ತಿದ್ದಳು. ಮುಂದೆ ಕೆಲಸ ಸಿಕ್ಕಿ, ದುರ್ಗದಲ್ಲಿ ಮನೆ ಮಾಡಿದ ಮೇಲೆ ನನ್ನ ರುಚಿ ಸ್ವಲ್ಪ ಸುಧಾರಿಸಿತು. ಸುಧಾರಿಸಿತು ಅನ್ನುವುದು ನನ್ನ ಅಭಿಪ್ರಾಯ ಮಾತ್ರ.

ಆ ಮುದುಕ ಸಿಕ್ಕಿದ್ದು ಹೊಸದುರ್ಗದಲ್ಲಿ, ಹಳೇ ಪುಸ್ತಕ ಮಾರುವವನ ರಾಶಿಯ ತಳದಲ್ಲಿ. ಯಾವುದೋ ದೇಶದ ಚಿತ್ರಕಾರನ ಕೆಲಸ, ಕೆಳಗಿನ ಲಿಪಿ ಓದಲು ಬರುವಂಥದ್ದಲ್ಲ. ತಲೆಗೆ ಬಟ್ಟೆ ಸುತ್ತಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಕೆಲಸ ಮುಗಿಸಿ ಈಗಷ್ಟೇ ಕುಳಿತವನ ಹಾಗಿದ್ದ. ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ.

ತಪ್ಪಾದದ್ದು ಅಲ್ಲೇ. ನಮ್ಮ ಕಡೆ ಹಜಾರದ ಗೋಡೆಯ ಮೇಲೆ ಕಟ್ಟಿನೊಳಗೆ ಒಬ್ಬ ಮುದುಕ ಕೂತಿದ್ದಾನೆಂದರೆ ಆತ ಮನೆಯ ಹಿರಿಯನೇ ಆಗಿರಬೇಕು. ಮದುವೆ ಕರೆಯಲು ಬಾಗೂರಿನಿಂದ ಬಂದ ನೆಂಟರೊಬ್ಬರು ಲಗ್ನಪತ್ರಿಕೆ ಕೊಡುವ ಮೊದಲು ಚಿತ್ರಕ್ಕೆ ಕೈಮುಗಿದರು. “ಅಪ್ಪಾರ ಮುಖದಾಗೆ ಏನ್ ಕಳೆ ಐತ್ರಿ!” ಅಂದರು. ನಾನು ಕಲೆ, ನೆರಳು, ಬೆಳಕು ಎಂದೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಆಗ್ಲಿ ಬಿಡ್ರಿ, ದೊಡ್ಡೋರು” ಎಂದು ಕಾಫಿ ಕುಡಿದು ಹೋದರು.

ನಿಜ ಹೇಳಬೇಕೆಂದರೆ ಅಪ್ಪನ ಒಂದು ಫೋಟೊ ಕೂಡ ನಮ್ಮಲ್ಲಿ ಇರಲಿಲ್ಲ. ನಾನು ನಡೆಯಲು ಕಲಿಯುವ ಮೊದಲೇ, ಇನ್ನೂ ಹರೆಯದಲ್ಲೇ ಅಪ್ಪ ತೀರಿಕೊಂಡಿದ್ದ. ನಮ್ಮೂರು ಹಿರೇಗುಂಟನೂರಿನಿಂದ ಪೇಟೆಗೆ ಹೋಗಿ ತೆಗೆಸಬೇಕು, ಬರುವ ಹಬ್ಬಕ್ಕೆ ನೋಡೋಣ, ಅನ್ನುತ್ತಲೇ ಉಳಿಯಿತಂತೆ. ಪಿತೃಪಕ್ಷದಲ್ಲಿ ಅವ್ವ ಒಂದು ತುಂಬಿದ ಚೊಂಬಿಟ್ಟು, ಪಕ್ಕದಲ್ಲಿ ಹೊಸ ಪಂಚೆ ಇಟ್ಟು ಎಡೆ ಹಾಕುತ್ತಿದ್ದಳು. ಹಾಗಾಗಿ ನನ್ನ ಪಾಲಿಗೆ ಅಪ್ಪ ಎಂದರೆ ಒಂದು ಹಿತ್ತಾಳೆ ಚೊಂಬು.

ಚಿತ್ರ ಬಂದ ವರ್ಷದ ಪಕ್ಷದ ದಿನ ನಾನು ಬಾಳೆಎಲೆ ತರಲು ಹೋಗಿದ್ದೆ. ಬಂದು ನೋಡಿದರೆ ಮುದುಕನ ಕೊರಳಿಗೆ ಸೇವಂತಿಗೆ ಹಾರ, ಕೆಳಗೆ ಚೊಂಬು, ಪಂಚೆ.

“ಅವ್ವ, ಇದು ಯಾರೋ ಪರದೇಶದೋನ ಚಿತ್ರ ಕಣವ್ವ.”

“ಗೊತ್ತೈತೆ ಕಣಪ್ಪ. ನಿಮ್ಮಪ್ಪನ್ನ ನಾನ್ ನೋಡಿಲ್ವಾ?” ಎಂದು ಊದುಬತ್ತಿ ಹಚ್ಚಿದಳು. ಆಮೇಲೆ ಹಾರ ಸರಿಮಾಡುತ್ತ, “ಇದ್ದಿದ್ರೆ ಈಟೊತ್ತಿಗೆ ಹಿಂಗಾಗಿರೋರು. ವಯಸ್ಸಾಗಿದ್ದು ನಾನ್ ನೋಡ್ಲೇ ಇಲ್ವಲ್ಲ” ಅಂದಳು.

ಎಲೆ ತೊಳೆದು ಕೊಟ್ಟೆ.

ಅಂದಿನಿಂದ ಪ್ರತಿ ಪಕ್ಷಕ್ಕೂ ಹಾರ ಬಿತ್ತು. ಹೂವಿನ ನೀರು ಒಳಗಿಳಿದು ಚಿತ್ರದ ಒಂದು ಅಂಚು ಹಳದಿಯಾಯಿತು. ಎರಡು ವರ್ಷದ ಹಿಂದೆ ಅವ್ವನೂ ಹೋದಳು.

ಈಗ ಒಡೆದ ಗಾಜು ಗುಡಿಸುತ್ತ ಹೆಂಡತಿ ಕೇಳಿದಳು: “ಹಾರ ಹಾಕೋ ಅತ್ತೇನೇ ಇಲ್ಲ. ಇನ್ಮೇಲೆ ಇದು ಚಿತ್ರಾನೋ, ಮಾವನೋರೋ? ಒಂದು ತೀರ್ಮಾನಕ್ಕೆ ಬರ್ರಿ.”

ಚಿತ್ರವೇ, ಎಂದುಕೊಂಡೆ. ಕಲೆಯಾದ ಅಂಚು ಮುಚ್ಚುವಂತೆ ಸುತ್ತ ಅಗಲವಾದ ಬಿಳಿ ರಟ್ಟು ಕೂರಿಸಿ, ತೆಳ್ಳನೆಯ ಕರಿ ಚೌಕಟ್ಟು ಹಾಕಿಸಿಬಿಟ್ಟರೆ ಮುದುಕ ತನ್ನ ದೇಶಕ್ಕೆ ವಾಪಸು ಹೋದಂತೆ. ಹಾಗೆ ಹೇಳಬೇಕೆಂದು ಮನಸ್ಸಿನಲ್ಲೇ ಸಜ್ಜುಮಾಡಿಕೊಂಡು ಕಟ್ಟು ಹಾಕುವ ಸಾಹೇಬರ ಅಂಗಡಿಗೆ ಹೋದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ನನ್ನ ನರೆತ ತಲೆ ನೋಡಿದರು.

“ಯಾರ್ರಿ ಇವ್ರು?”

ನನ್ನ ಭಾಷಣ ತುದಿನಾಲಗೆಯಲ್ಲೇ ಇತ್ತು.

“ನಮ್ಮಪ್ಪ” ಅಂದೆ. ಒಂದು ಮುಖ ತೋರಿಸಿ ಆ ಮಾತು ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

“ಹಂಗಾದ್ರೆ ಹಾರಕ್ಕೆ ಮೊಳೆ ಹೊಡೀಬೇಕಲ್ರಿ” ಎಂದರು ಸಾಹೇಬರು, ಸುತ್ತಿಗೆ ಹುಡುಕುತ್ತ.

“ಹೊಡೀರಿ. ಆ ಹಳದಿ ಅಂಚು ಮಾತ್ರ ಮುಚ್ಚಬ್ಯಾಡ್ರಿ, ಅದು ನಮ್ಮವ್ವಂದು” ಅಂದೆ.