ಒಲೆಗೆ ಹಾಕಿದ ಮುಖ

ಅಸುಂಡಿಯ ನಮ್ಮ ಓಣಿಯಲ್ಲಿ ಶಿವಲಕ್ಷ್ಮಿಯನ್ನು ಮೂಗಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತು ದಾಟಿದ ಪಕ್ಕದ ಮನೆಯ ಹುಡುಗಿ. ಬುದ್ಧಿ ಬೆಳೆದದ್ದು ನಿಧಾನ, ಬಾಯಿಂದ ಮಾತು ಹೊರಡಲಿಲ್ಲ. ಆದರೆ ಅಂಗಳ ಗುಡಿಸುತ್ತಾಳೆ, ಎಮ್ಮೆಗೆ ನೀರು ಕುಡಿಸುತ್ತಾಳೆ, ನನ್ನನ್ನು ಕಂಡರೆ ಕೈ ಹಿಡಿದೆಳೆದು ಕಟ್ಟೆಯ ಮೇಲೆ ಕೂರಿಸುತ್ತಾಳೆ. ಗದಗಿನ ಟೀಚರ್ ನೇತ್ರಾ ಚಿತ್ರದ ಕಾರ್ಡುಗಳನ್ನು ದಾರಕ್ಕೆ ಪೋಣಿಸಿ ಅವಳ ಕೊರಳಿಗೆ ಹಾಕಿದ್ದರು. ರೊಟ್ಟಿ, ನೀರು, ಮನೆ, ಬಸ್ಸು, ನಗುವ ಮುಖ, ಹೆದರಿದ ಮುಖ. ಹೇಳಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತಿದ್ದಳು.

"ಇವು ಆಕಿ ನಾಲಿಗಿ ಇದ್ದಂಗ್ರಿ. ಒಂದೂ ತಗೀಬ್ಯಾಡ್ರಿ" ಎಂದು ನೇತ್ರಾ ಅವಳ ತಾಯಿ ಮುತ್ತವ್ವನಿಗೆ ಹೇಳಿದ್ದರು.

ಶ್ರಾವಣದಲ್ಲಿ ಅವಳ ತಂಗಿ ಪ್ರಿಯಾಂಕಾಳನ್ನು ನೋಡಲು ಮುಂಡರಗಿಯಿಂದ ಗಂಡಿನವರು ಬರುವುದಿತ್ತು. ಅಜ್ಜಿ ಗದಿಗೆವ್ವ ಆ ಹೆದರಿದ ಮುಖದ ಕಾರ್ಡನ್ನು ದಾರದಿಂದ ಕಿತ್ತು ಒಲೆಗೆ ಹಾಕಿದಳು. "ಶುಭಕಾರ್ಯದ ಮನ್ಯಾಗ ಇಂಥಾ ಅಪಶಕುನದ ಮಾರಿ ಯಾಕ ಬೇಕು?"

ಹಾಳು ಶಕುನ! ಅತ್ತೆಗೆ ಎದುರಾಡಿ ಗೊತ್ತಿಲ್ಲದ ಮುತ್ತವ್ವ ಉಳಿದ ಕಾರ್ಡುಗಳನ್ನು ಮತ್ತೆ ದಾರಕ್ಕೆ ಪೋಣಿಸಿದಳು.

ಆ ವಾರವೆಲ್ಲ ಜಿಟಿಜಿಟಿ ಮಳೆ. ಅವರದು ಹಳೆಯ ಮಣ್ಣಿನ ಮಾಳಿಗೆ ಮನೆ. ತೊಲೆಗಳ ಮೇಲೆ ಹರಡಿದ್ದ ಛಾವಣಿಯ ಮಣ್ಣು ನೀರು ಕುಡಿದು ಭಾರವಾಗುತ್ತಿತ್ತು. ಶಿವಲಕ್ಷ್ಮಿ ಒಳಕೋಣೆಗೆ ಕಾಲಿಡುವುದನ್ನೇ ಬಿಟ್ಟಳು. ಹೊಸ್ತಿಲಲ್ಲಿ ನಿಂತು ತೊಲೆಯ ಕಡೆ ಕಿವಿಗೊಡುವಳು. ಆಮೇಲೆ ಓಡಿ ಬಂದು ಮನೆಯ ಕಾರ್ಡು ತೋರಿಸುವಳು, ಹಿಂದೆಯೇ ಬಸ್ಸಿನದು. ಬಸ್ಸೆಂದರೆ ಅವಳಿಗೆ ಹೊರಟುಹೋಗುವುದು. ಮತ್ತೆ ಮನೆ, ಮತ್ತೆ ಬಸ್ಸು.

"ನೋಡ್ರವಾ, ತಂಗಿ ಲಗ್ನ ಅಂದಕೂಡ್ಲೆ ಈಕಿಗೂ ಬಸ್ ಹತ್ತಿ ಗಂಡನ ಮನಿಗೆ ಹೋಗೂ ಆಶಾ ಹುಟ್ಟೈತಿ!" ಎಂದು ಗದಿಗೆವ್ವ ನಕ್ಕಳು. ಓಣಿಯೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ.

ಗಂಡಿನವರು ಬರುವ ಮಧ್ಯಾಹ್ನ ಪ್ರಿಯಾಂಕಾ ನಮ್ಮ ಮನೆಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಗದಿಗೆವ್ವ ಒಳಕೋಣೆಯಲ್ಲಿ ಟ್ರಂಕಿನಿಂದ ಇಳಕಲ್ ಸೀರೆ ತೆಗೆಯುತ್ತಿದ್ದಳು. ಕಾಲಿಡದಿದ್ದ ಆ ಕೋಣೆಗೆ ಅಂದು ಶಿವಲಕ್ಷ್ಮಿ ನುಗ್ಗಿ ಅಜ್ಜಿಯ ಸೆರಗು ಎಳೆದಳು. ಬೆನ್ನಿಗೆ ಏಟು ತಿಂದಳು. ಆಗ ಅಡುಗೆಮನೆಗೆ ಓಡಿ ತಾಯಿಯ ಕೈ ಹಿಡಿದಳು. ಒಲೆಯ ಮೇಲೆ ಹೂರಣ ಕುದಿಯುತ್ತಿತ್ತು. ಮುತ್ತವ್ವ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮಗಳು ಗಡಗಡ ನಡುಗುತ್ತಿದ್ದಳು. ಹಾಗೆಯೇ ತಾಯಿಯನ್ನು ಅಂಗಳಕ್ಕೆ ಎಳೆದು ತಂದಳು.

"ಅತ್ತಿ, ಹೊರಗ ಬರ್ರಿ! ಈಕಿ ಭಾಳ ಅಂಜ್ಯಾಳ!"

"ತಡಿಯವಾ, ಸೀರಿ ಮಡಚಿಟ್ಟು ಬರ್ತೇನಿ."

ತೊಲೆ ಮುರಿದ ಸದ್ದಿಗೆ ನಾನು ಓಡಿಬಂದೆ. ಒಳಕೋಣೆ ಇದ್ದ ಕಡೆ ಹಸಿ ಮಣ್ಣಿನ ಗುಡ್ಡೆ ಬಿದ್ದಿತ್ತು. ಆ ಮನೆಯ ಸೊಸೆಯರು ಅತ್ತೆಯ ಹೆಸರನ್ನು ಬಾಯಿಗೆ ತರುವವರಲ್ಲ. ಮುತ್ತವ್ವ ಎರಡೂ ಕೈಯಿಂದ ಮಣ್ಣು ಬಗೆಯುತ್ತ ಕೂಗತೊಡಗಿದಳು.

"ಗದಿಗೆವ್ವಾ! ಗದಿಗೆವ್ವಾ! ಓ ಅನ್ರೀ!"

ಒಳಗಿನಿಂದ ಯಾರೂ ಓಗೊಡಲಿಲ್ಲ.