ಬೆರಳು ತೆಗೆದ ಮೇಲೆ ಹಾರಿದ ಗುಂಡು

ಸೇನೆಯಿಂದ ನಿವೃತ್ತನಾಗಿ ಬಂದ ಮೇಲೂ ಬಂದೂಕು ನನ್ನನ್ನು ಬಿಡಲಿಲ್ಲ. ಬನಹಟ್ಟಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಹಳೆಯ ಜೋಡುನಳಿಗೆ ಹಿಡಿದು ಕೂರುತ್ತೇನೆ. ಮೊಣಕಾಲು ನೋಯುತ್ತವೆ, ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತದೆ. ಹೋದ ಮಳೆಗಾಲದ ಕೊನೆಗೆ ಹಾಗೆ ಕೂತಿದ್ದಾಗ ಅನಗವಾಡಿಯಿಂದ ಫೋನು ಬಂತು. ಪಲ್ಟನ್ನಿನಲ್ಲಿ ನನ್ನ ಜೊತೆಗಿದ್ದ ಗೆಳೆಯನ ಅಣ್ಣ.

"ಹಂದಿ ಬಂದು ಗ್ವಾವಿನಜ್ವಾಳ ಎಲ್ಲಾ ಹಾಳ ಮಾಡಾಕತ್ತಾವ್ರಿ. ಬಂದೂಕಿನ ಲೈಸನ್ಸ್ ಮಾಡಸೋ ಅಂದ್ರ ಇಂವ ಒಲ್ಲೆ ಅಂತಾನ. ಮಿಲಿಟರ್‍ಯಾಗ ಇದ್ದಂವ ಹಿಂಗ ಅಂಜಿದ್ರ ಹೆಂಗ್ರಿ? ನೀವ ಬಂದು ಒಂದ ಮಾತ ಹೇಳ್ರಿ."

ಬರುತ್ತೇನೆ ಎಂದೆ. ಗೆಳೆಯ ಯಾಕೆ ಒಲ್ಲೆ ಎನ್ನುತ್ತಾನೆಂಬುದು ನನಗೆ ಗೊತ್ತಿತ್ತು.

ನಮ್ಮ ಸೇವೆಯ ಕೊನೆಯ ವರ್ಷಗಳಲ್ಲಿ ಹೊಸದೊಂದು ಬಂದೂಕನ್ನು ಪರೀಕ್ಷೆಗೆಂದು ನಮ್ಮ ಕೈಗೆ ಕೊಟ್ಟಿದ್ದರು. ನೋಡಿದರೆ ಬಂದೂಕು ಅನ್ನಿಸುತ್ತಿರಲಿಲ್ಲ. ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ಕೆಳಗೆ ನೇತಾಡುವ ಬದಲು ನಳಿಗೆಯ ಮೇಲೆ ಉದ್ದಕ್ಕೆ ಮಲಗಿರುತ್ತಿತ್ತು. ನಮ್ಮ ಹಳೆಯ ಬಂದೂಕಿಗಿಂತ ಎಷ್ಟೋ ಹೆಚ್ಚು ಗುಂಡು ಅದರಲ್ಲಿ ಹಿಡಿಯುತ್ತಿದ್ದವು. ಗೆಳೆಯ ಹಾರಿಸುತ್ತಿದ್ದ, ನಾನು ಡಬ್ಬಿ ತುಂಬಿಕೊಡುತ್ತಿದ್ದೆ. ಒತ್ತಿ ಒತ್ತಿ ಸಂಜೆಯ ಹೊತ್ತಿಗೆ ಹೆಬ್ಬೆರಳು ಬಾತಿರುತ್ತಿತ್ತು.

"ಎಷ್ಟ ಹಾಕಿದ್ರೂ ಇದರ ಹೊಟ್ಟಿ ತುಂಬಾಂಗಿಲ್ಲ ಬಿಡಲೇ" ಎಂದು ಅವನು ನಗುತ್ತಿದ್ದ.

ಒಂದು ದಿನ ಉರಿಬಿಸಿಲಿನಲ್ಲಿ ಬಿಡುವಿಲ್ಲದೆ ಹಾರಿಸಿ ಬಂದೂಕು ಕೆಂಡದಂತೆ ಕಾದಿತ್ತು. ಮೇಲಿನವರು ನಿಲ್ಲಿಸಿ ಎಂದರು. ಅವನು ಟ್ರಿಗರ್ ಮೇಲಿಂದ ಬೆರಳು ತೆಗೆದು ನಳಿಗೆಯನ್ನು ನೆಲಕ್ಕೆ ಬಾಗಿಸಿದ. ನಾನು ಹೊಸ ಡಬ್ಬಿ ಹಿಡಿದು ಅವನ ಪಕ್ಕಕ್ಕೆ ಬಂದೆ. ಅಷ್ಟರಲ್ಲಿ ಗುಂಡೊಂದು ತಾನಾಗಿ ಹಾರಿತು. ಕಾದ ನಳಿಗೆಯಲ್ಲಿ ಉಳಿದಿದ್ದದ್ದು ಬಿಸಿಗೇ ಸಿಡಿದಿತ್ತು. ನನ್ನ ಬೂಟಿನ ಪಕ್ಕದ ಮಣ್ಣು ಎದ್ದು ಮುಖಕ್ಕೆ ಬಡಿಯಿತು.

ನನಗೆ ಏನೂ ಆಗಲಿಲ್ಲ. ಅವನು ಮಾತ್ರ ತನ್ನ ಬೆರಳನ್ನೇ ನೋಡುತ್ತ ನಿಂತುಬಿಟ್ಟ. "ನಾ ಒತ್ತಿಲ್ಲೋ. ಖರೇನ ಒತ್ತಿಲ್ಲ."

ತಪ್ಪು ಅವನದಲ್ಲ ಎಂದು ಮೇಲಿನವರೂ ಹೇಳಿದರು. ಆ ಬಂದೂಕು ಬೇಡವೆಂದು ವಾಪಸು ಹೋಯಿತು. ಅವನು ಅಡುಗೆಮನೆಯ ಕೆಲಸ ಕೇಳಿಕೊಂಡು, ನಿವೃತ್ತನಾಗುವವರೆಗೂ ಹಿಟ್ಟು ನಾದಿದ.

ಭಾನುವಾರ ಜಮಖಂಡಿಯಲ್ಲೊಮ್ಮೆ, ಬೀಳಗಿಯಲ್ಲೊಮ್ಮೆ ಬಸ್ಸು ಬದಲಿಸಿ ಅನಗವಾಡಿಗೆ ಹೋದೆ. ಗೆಳೆಯನ ಹೆಂಡತಿ ಬಿಸಿ ರೊಟ್ಟಿ ಹಾಕಿದಳು. ಉಂಡಾದ ಮೇಲೆ, ಇನ್ನು ಶುರು ಮಾಡಿ ಎಂಬಂತೆ ಅಣ್ಣ ನನ್ನ ಮುಖ ನೋಡಿದ. ಬುದ್ಧಿ ಹೇಳಲು ನಾನು ಹೋಗಲಿಲ್ಲ. ಅದರ ಬದಲು ಆ ದಿನ ಆದದ್ದನ್ನು ಹೇಳಿದೆ. ಗೆಳೆಯ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ತಂಬಿಗೆ ಹಿಡಿದು ನಿಂತಲ್ಲೇ ನಿಂತಳು. "ಇಷ್ಟ ವರ್ಷ ಆತು, ನನ್ನ ಮುಂದ ಒಂದ ಮಾತ ಆಡಲಿಲ್ಲಲ್ರೀ."

"ಏನಂತ ಹೇಳೂದು?" ಎಂದ ಗೆಳೆಯ. "ಯಾರಿಗೂ ಏನೂ ಆಗಿಲ್ಲಲ್ಲ."

ಅಣ್ಣ "ಹಂಗಾರ ಬ್ಯಾಡ ಬಿಡಪಾ. ಬ್ಯಾರೆ ಏನರ ಮಾಡೂಣು" ಎಂದು ಎದ್ದುಹೋದ.

ನಾವಿಬ್ಬರೇ ಉಳಿದಾಗ ಗೆಳೆಯ ಕೇಳಿದ: "ನೀ ದಿನಾ ಅದನ್ನ ಹೆಂಗ ಹಿಡಕೊಂಡ ಕುಂಡರತೀಯಲೇ?"

"ರೂಢಿ ಆಗೇತಿ" ಎಂದೆ. ಸ್ವಲ್ಪ ಹೊತ್ತಿಗೆ, "ಸಾಕಾಗೇತೋ ನನಗೂ" ಎಂದೂ ಅಂದೆ. ಈ ಮಾತನ್ನು ನಾನು ಅದುವರೆಗೆ ಹೆಂಡತಿಯ ಮುಂದೆಯೂ ಆಡಿರಲಿಲ್ಲ.

ಇಳಿಹೊತ್ತಿನಲ್ಲಿ ಮೆಕ್ಕೆಜೋಳದ ಹೊಲಕ್ಕೆ ಹೋಗಿ, ಗೆಳೆಯನ ಹೆಂಡತಿ ಕೊಟ್ಟ ಹಳೆಯ ಸೀರೆಗಳನ್ನು ಬದುವಿನ ಗೂಟಗಳಿಗೆ ಕಟ್ಟಿದೆವು. ಹಂದಿಗಳು ಒಂದಷ್ಟು ದಿನ ಹೆದರಿ, ಆಮೇಲೆ ಮತ್ತೆ ಬಂದವಂತೆ. ಆದರೂ ಅರ್ಧ ಬೆಳೆ ಕೈಗೆ ಸಿಕ್ಕಿತು ಎಂದು ಗೆಳೆಯ ಫೋನಿನಲ್ಲಿ ಹೇಳಿದ.

ನನ್ನ ಜಾಗಕ್ಕೆ ಬೇರೆಯವರನ್ನು ನೋಡಿ ಎಂದು ಬ್ಯಾಂಕಿನಲ್ಲಿ ಹೇಳಿದ್ದೇನೆ. ಇನ್ನೂ ಯಾರೂ ಸಿಕ್ಕಿಲ್ಲ.